ಕೆಂಪು ದಾರದ ಬಾಟಲಿ

ಬೀಗದ ಮಾವನಷ್ಟು ಪುಕ್ಕಲನನ್ನು ನಮ್ಮ ಬೀದಿ ಕಂಡಿಲ್ಲ. ಬೀಗ ರಿಪೇರಿ ಅವನ ಕಸುಬು. ಸಂಜೆ ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ಮನೆ ಮುಟ್ಟಿ, ಮತ್ತೆ ಜಗ್ಗಲು ವಾಪಸ್ಸು ಬರುತ್ತಿದ್ದ. ಹಾಗೆ ಜಗ್ಗಿ ಜಗ್ಗಿಯೇ ಆ ಅಂಗಡಿ ರಸ್ತೆಗೆ ಒಂದು ಗೇಣು ಮುಂದೆ ಬಂದಿದೆ. ಬೇಕಾದರೆ ಅಳತೆ ಮಾಡಿಕೊಳ್ಳಿ.

ಇಂಥವನು ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆದ. ಸಂಬಳವಿಲ್ಲದ ಕೆಲಸ, ಬೇರೆ ಯಾರೂ ಒಪ್ಪಲಿಲ್ಲ. ಗೋಲ್‌ಕೀಪರ್ ಅವನ ತಂಗಿಯ ಮಗಳು. ಅವಳಿಗೆ ಮಾವನಾದವನು ಇಡೀ ತಂಡಕ್ಕೇ ಮಾವನಾದ. ಮಕ್ಕಳನ್ನು ಎಣಿಸೋಣವೆಂದರೆ ನಿಂತಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಒಬ್ಬೊಬ್ಬರ ನೀರಿನ ಬಾಟಲಿಗೂ ಒಂದೊಂದು ಬಣ್ಣದ ದಾರ ಕಟ್ಟಿದ. ಆಟ ಮುಗಿದು ಬಾಟಲಿಗಳೆಲ್ಲ ಕ್ರೇಟಿಗೆ ಬಂದವೆಂದರೆ ಮಕ್ಕಳೆಲ್ಲ ಬಸ್ಸಿಗೆ ಬಂದಂತೆ.

ಆ ಸಂಜೆ ಬೇರೆ ಊರಿನ ಮೈದಾನದಿಂದ ಹೊರಟಾಗಲೂ ಕ್ರೇಟು ತುಂಬಿತ್ತು. ಅರ್ಧ ದಾರಿಯಲ್ಲಿ ಮಕ್ಕಳು ನೀರು ಕೇಳಿದರು. ಹಂಚಿದ. ಕೆಂಪು ದಾರದ್ದು ಕೈಯಲ್ಲೇ ಉಳಿಯಿತು.

"ನಮ್ಮ ಕೀಪರಮ್ಮ ಎಲ್ರೇ?"

"ಹಿಂದೆ ಮಲಗಿರ್ಬೇಕು ಮಾವ."

ಹಿಂದಿನ ಸೀಟಿನಲ್ಲಿ ಅವಳ ಕೋಟು ಮಾತ್ರ ಮಲಗಿತ್ತು.

"ಮತ್ತೆ ಅವಳ ಬಾಟ್ಲಿ ಯಾರು ತಂದಿದ್ದು?"

"ನಾನೇ ಮಾವ. ಅಲ್ಲೇ ಬಿದ್ದಿತ್ತು, ನೀವು ಬೈತೀರಂತ ಎತ್ಕೊಂಡು ಬಂದೆ," ಎಂದಳು ಒಬ್ಬಳು, ಅಳುದನಿಯಲ್ಲಿ.

ಮಾವ ಫೋನ್ ತೆಗೆದ. ಮೈದಾನದ ಕಾವಲುಗಾರ ಫೋನ್ ಎತ್ತಲಿಲ್ಲ. ಬಸ್ಸು ಹಿಂದಕ್ಕೆ ತಿರುಗಿತು. ಮಾವನ ಎದೆ ಬಡಿತ ಕೇಳಿ, ಎಂಜಿನ್ನೇ ಕೆಟ್ಟಿತೆಂದು ಡ್ರೈವರ್ ಗಾಡಿ ನಿಲ್ಲಿಸಲು ಹೋದನಂತೆ. ಆ ಮೈದಾನದ ಪಕ್ಕದಲ್ಲೇ ಹೆದ್ದಾರಿ. ಲಾರಿಗಳು ಕಣ್ಣು ಮುಚ್ಚಿಕೊಂಡು ಓಡುವ ಜಾಗ. ಕತ್ತಲು ಬೇರೆ ಇಳಿಯುತ್ತಿತ್ತು. ಬೆಳಿಗ್ಗೆ ತಂಗಿ ಆಡಿದ ಮಾತು ಕಿವಿಯಲ್ಲೇ ಕೂತಿತ್ತು: "ನೋಡಣ್ಣ, ನಿನ್ನನ್ನ ನಂಬಿ ಕಳಿಸ್ತಿದೀನಿ."

"ಸ್ವಲ್ಪ ಬೇಗ ಓಡಿಸಪ್ಪ."

"ಇದಕ್ಕಿಂತ ಬೇಗ ಅಂದ್ರೆ ನೀವು ಇಳಿದು ತಳ್ಬೇಕು," ಎಂದ ಡ್ರೈವರ್.

ಮೈದಾನದ ಗೇಟಿಗೆ ಬೀಗ ಬಿದ್ದಿತ್ತು. ಕಣ್ಣು ಮುಚ್ಚಿಕೊಂಡೇ ಬೀಗ ತೆಗೆಯುವ ಮಾವನಿಗೆ ಅವತ್ತು ತಂತಿ ತೂರಿಸಲೂ ಆಗಲಿಲ್ಲ. ಪ್ಯಾಂಟು ಹರಿದುಕೊಂಡು ಗೇಟು ಹತ್ತಿ ಹಾರಿದ.

ಗೋಲ್‌ಕಂಬದ ಬುಡದಲ್ಲಿ, ಚೆಂಡಿನ ಚೀಲದ ಮೇಲೆ, ಹುಡುಗಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು.

"ಯಾಕಮ್ಮ ಬಸ್ಸಿಗೆ ಬರ್ಲಿಲ್ಲ?"

"ನೀವೇ ಹೇಳಿದ್ರಲ್ಲ ಮಾವ, ನಾನು ಬರೋವರೆಗೂ ಚೀಲ ಬಿಟ್ಟು ಅಲ್ಲಾಡ್ಬೇಡ ಅಂತ."

ಹೇಳಿದ್ದು ನಿಜ. ಆಮೇಲೆ ತುಂಬಿದ ಕ್ರೇಟು ನೋಡಿ ಮರೆತಿದ್ದ.

"ಅಮ್ಮಂಗೆ ಹೇಳ್ಬೇಡಿ. ಆಟ ಬಿಡಿಸಿಬಿಡ್ತಾಳೆ."

ಮಾವ ಅವತ್ತು ರಾತ್ರಿಯೇ ತಂಗಿಗೆ ಎಲ್ಲ ಹೇಳಿದ. ಅವಳು ಮಗಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಳು.

ಮುಂದಿನ ಪಂದ್ಯದ ಬೆಳಿಗ್ಗೆ ಮಾವ ಕೆಂಪು ದಾರದ ಬಾಟಲಿ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತಿದ್ದ. ಹೊರಡುವ ಹೊತ್ತಿಗೆ ಮಗಳ ಕೈ ಹಿಡಿದುಕೊಂಡು ತಂಗಿ ಬಂದಳು.

"ಬಾಟ್ಲಿ ಅಲ್ಲಣ್ಣ. ತಲೆ ಮುಟ್ಟಿ ಎಣಿಸು," ಎಂದು ಮಗಳ ಕೈ ಬಿಟ್ಟಳು.

ಮಾವ ಒಂದೊಂದೇ ತಲೆ ಮುಟ್ಟುತ್ತ ಬಂದು ಡ್ರೈವರನ ಬೋಳುತಲೆಯನ್ನೂ ಮುಟ್ಟಿದ.

"ನನ್ನದು ಬಿಡಿ ಸಾರ್. ನಾನಿಲ್ದೆ ಬಸ್ಸು ಹೊರಡಲ್ಲ."

ಬಸ್ಸು ಬೀದಿಯ ತಿರುವು ದಾಟಿರಲಿಲ್ಲ, ಮಾವ ಮತ್ತೆ ಎದ್ದು ಹಿಂದಿನ ಸೀಟಿಗೆ ಹೋಗಿ ಕೈ ಚಾಚಿದ.

"ಇಲ್ಲೇ ಇದೀನಿ ಮಾವ," ಎಂದಿತು ಕೋಟಿನೊಳಗಿನ ತಲೆ.