ಬೀರಮ್ಮಕ್ಕನಿಗೆ ಬೆಳ್ಳುಳ್ಳಿ ಬ್ರೆಡ್

...ಅಥವಾ ಅವತ್ತು ಬ್ರೆಡ್ಡಿಗೆ ಚೀಸ್ ಹಾಕಿರಲೇ ಇಲ್ಲವೋ ಏನೋ. ಗದ್ವಾಲಿನಿಂದ ಚೀಸ್ ತಂದದ್ದು ನೆನಪಿದೆ, ಬಸ್ಸು ಜೂರಾಲ ಅಣೆಕಟ್ಟು ದಾಟುವಷ್ಟರಲ್ಲಿ ಅದು ಚೀಲದೊಳಗೆ ಮೆತ್ತಗಾದದ್ದೂ ನೆನಪಿದೆ. ಆದರೆ ಅದು ಇದೇ ಸಲದ್ದೋ ಬೇರೆ ಸಲದ್ದೋ, ಆಣೆ ಮಾಡಿ ಹೇಳಲಾರೆ. ನೆನಪು ನನ್ನ ಅಡುಗೆಯ ಹಾಗೆ, ಕಡಿಮೆ ಬಿದ್ದದ್ದನ್ನು ಕೈಗೆ ಸಿಕ್ಕಿದ್ದರಿಂದ ತುಂಬಿಸುತ್ತದೆ. ಹಾಕಿದ್ದೆ ಎಂದೇ ಇಟ್ಟುಕೊಳ್ಳಿ.

ಮಕ್ತಲದ ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ, ರಬ್ಬರು ಎರಡನ್ನೂ ತೆಗೆದಿಟ್ಟು ಬೇಯಿಸುತ್ತೇನೆ. ಮೊದಮೊದಲ ಬ್ರೆಡ್ಡುಗಳಿಂದ ಗೋಡೆಗೆ ಮೊಳೆ ಹೊಡೆಯಬಹುದಿತ್ತು. ಆಮೇಲೆ ಹಿಟ್ಟು ಉಬ್ಬುವ ತನಕ ಕಾಯುವುದನ್ನು ಕಲಿತೆ. ಶಾಲೆಯಲ್ಲಿ ಮಕ್ಕಳಿಗೆ ತಾಳ್ಮೆ ಬೋಧಿಸುವವಳಿಗೆ ತಾಳ್ಮೆ ಕಲಿಸಲು ಮೈದಾ ಬೇಕಾಯಿತು. ಬೆಳ್ಳುಳ್ಳಿ ಜಜ್ಜಿ, ಕೊತ್ತಂಬರಿ ಸೇರಿಸಿ, ಬೆಣ್ಣೆಯಲ್ಲಿ ಕಲಸಿ, ಹಿಟ್ಟಿನ ಉಂಡೆಗಳ ನಡುವೆ ಚೀಸ್ ಜೊತೆ ತುಂಬಿದರೆ, ಬೆಂದ ಮೇಲೆ ಚಾಕು ಬೇಡ. ಒಬ್ಬೊಬ್ಬರು ಒಂದೊಂದು ಉಂಡೆ ಕಿತ್ತುಕೊಳ್ಳಬಹುದು. ಒಬ್ಬರೇ ಕೂತು ತಿನ್ನುವ ತಿಂಡಿಯೇ ಅಲ್ಲ ಅದು.

ಬೆಣ್ಣೆ ಬೀರಮ್ಮಕ್ಕನದು. ಒಂದೇ ಗೋಡೆಯ ಆಚೆ ಅವಳ ಮನೆ. ಕುರಿ ಸಾಕುವ ಮನೆತನ, ಹಿತ್ತಲಲ್ಲೊಂದು ಎಮ್ಮೆ. ಸ್ಟೀಲ್ ಡಬ್ಬಿಯಲ್ಲಿ ಬೆಣ್ಣೆ ಕೊಟ್ಟಿದ್ದಳು. ಬಂದ ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದೆಂಬುದು ನಮ್ಮ ಓಣಿಯ ಕಾನೂನು. ಅದರಲ್ಲೇ ನಾಲ್ಕು ಉಂಡೆ ಇಟ್ಟುಕೊಂಡು ಹೋದೆ.

ಒಂದನ್ನು ಮರೆತಿದ್ದೆ. ನಮ್ಮ ಕಡೆ ರೊಟ್ಟಿ ಮನೆಯದು, ಬ್ರೆಡ್ ದವಾಖಾನೆಯದು. ಜ್ವರ ಬಂದರೆ ಹಾಲಲ್ಲಿ ಅದ್ದಿದ ಬ್ರೆಡ್. ಆಪರೇಷನ್ ಆದವರನ್ನು ನೋಡಲು ಹೋಗುವವರ ಕೈಯಲ್ಲೂ ಬ್ರೆಡ್. ನಾರಾಯಣಪೇಟೆಯ ಬಸ್ಸಿನಲ್ಲಿ ಯಾರದಾದರೂ ತೊಡೆಯ ಮೇಲೆ ಅದು ಕಂಡರೆ ಪಕ್ಕದವರು ಕೇಳುವುದು, "ಯಾರಿಗೆ ಆರಾಮಿಲ್ರಿ?" ಎಂದೇ.

ಬೀರಮ್ಮಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಮುಚ್ಚಳ ತೆಗೆದೆ. ಅವಳ ಮುಖ ಇಳಿಯಿತು.

"ಯಾರು ಹೇಳಿದ್ರವ್ವ ನಿನಗ?"

ಡಬ್ಬಿ ಕೆಳಗಿಟ್ಟು ಅವಳ ಪಕ್ಕ ಕೂತೆ. ಗೊತ್ತಿಲ್ಲದ್ದಕ್ಕೂ ಗೊತ್ತಿರುವವರ ಮುಖ ಮಾಡುವುದು ಮಾಸ್ತರಿಕೆಯಲ್ಲಿ ಅಂಟಿದ ಚಟ.

"ಎದಿಯಾಗ ಗಂಟು ಐತಿ. ಮೂರು ತಿಂಗಳಾತು. ಮಗಳು ಹೊಟ್ಟಿಲೇ ಅದಾಳ, ಅಕಿ ಬಾಣಂತನ ಮುಗೀಲಿ ಅಂತ ಬಾಯಿ ಮುಚ್ಕೊಂಡು ಕುಂತೀನಿ. ನೀ ನೋಡಿದ್ರ ಬ್ರೆಡ್ ಹಿಡ್ಕೊಂಡು ಬಂದಿ."

"ನಡಿ ಅಕ್ಕ, ನಾಳಿ ರಾಯಚೂರಿಗೆ ಹೋಗೂಣು. ಡಾಕ್ಟರಿಗೆ ತೋರಿಸೂಣು."

ಅವಳು ಒಂದು ಉಂಡೆ ಕಿತ್ತು ಮೂಸಿದಳು. "ಬೀಮಾರಿ ಬಂದವರಿಗೆ ಬೆಳ್ಳೊಳ್ಳಿ ಹಾಕಿದ ಬ್ರೆಡ್ ಯಾರರ ತರ್ತಾರೇನು ತಂಗೆವ್ವ? ಸಾಲಿ ಕಲಿಸಾಕಿ, ಇಷ್ಟೂ ತಿಳಿಯಂಗಿಲ್ಲ," ಎಂದು ನಕ್ಕು, ಪೂರ್ತಿ ತಿಂದಳು.

ಅವಳ ಕೈಗೂ ನನ್ನ ಕೈಗೂ ನಡುವೆ ಚೀಸಿನ ಎಳೆಯೊಂದು ಹಿಗ್ಗಿತು ಎಂದು ಇಲ್ಲಿ ಬರೆಯಬಹುದಿತ್ತು. ಚೆನ್ನಾಗಿರುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಚೀಸ್ ಆರಿ ಗಟ್ಟಿಯಾಗಿರಲೇಬೇಕು.

ಮರುದಿನ ರಾಯಚೂರಿಗೆ ಹೋದೆವು. ಚಿಕಿತ್ಸೆ ಆಯಿತು. ಮಗಳ ಬಾಣಂತನವನ್ನು ಅವಳೇ ಮಾಡಿದಳು. ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದಳು. ಆ ಮಗು ಹೆಜ್ಜೆ ಇಡುವ ಮೊದಲು ಬೀರಮ್ಮಕ್ಕ ತೀರಿಕೊಂಡಳು.

ಇಷ್ಟು ದಿನ ಇದನ್ನು ಹೀಗೆಯೇ ಹೇಳುತ್ತ ಬಂದಿದ್ದೇನೆ: ಮುಚ್ಚಳ ತೆಗೆದೆ, ಅವಳು ಬ್ರೆಡ್ ನೋಡಿದಳು, ಕೇಳಿದಳು. ಕೇಳಿಸಿಕೊಂಡವರು, ನಿನ್ನ ಬ್ರೆಡ್ಡೇ ಅವಳಿಗೆ ಆ ಒಂದು ವರ್ಷ ಕೊಟ್ಟಿತು ಎನ್ನುತ್ತಾರೆ. ಕಥೆ ಇಷ್ಟು ಸರಿಯಾಗಿ ಕೂತಾಗಲೇ ನನಗೆ ಅನುಮಾನ. ಈಚೆಗೆ ಇನ್ನೊಂದು ಚಿತ್ರ ಬರುತ್ತಿದೆ: ಡಬ್ಬಿ ಇನ್ನೂ ಮುಚ್ಚಿದೆ, ನಾನು ಚಪ್ಪಲಿ ಬಿಡುತ್ತಿದ್ದೇನೆ, ಅವಳು ಆಗಲೇ "ಯಾರು ಹೇಳಿದ್ರವ್ವ" ಎಂದು ಕೇಳಿಬಿಟ್ಟಿದ್ದಾಳೆ. ಹಾಗಿದ್ದರೆ ಬ್ರೆಡ್ ಏನೂ ಮಾಡಲಿಲ್ಲ. ಯಾರಾದರೂ ಬರಲಿ ಎಂದು ಅವಳು ಮೂರು ತಿಂಗಳು ಕಾದಿದ್ದಳು, ಗೋಡೆಯ ಈಚೆ ನಾನು ಹಿಟ್ಟು ಉಬ್ಬಲಿ ಎಂದು ಕಾಯುತ್ತಿದ್ದೆ.

ಈಗಲೂ ಮಾಡಿ ಹಂಚುತ್ತೇನೆ. ಓಣಿಯವರಿಗೆ ರೂಢಿಯಾಗಿದೆ, ಯಾರೂ ಬೆಚ್ಚುವುದಿಲ್ಲ. ಆದರೂ ಮುಚ್ಚಳ ತೆಗೆಯುವ ಮೊದಲು, ಎದುರಿನವರು ಏನಾದರೂ ಹೇಳುವುದಿದೆಯೇನೋ ಎಂದು ಬಾಗಿಲಲ್ಲಿ ತುಸು ತಡೆಯುತ್ತೇನೆ. ಬ್ರೆಡ್ ಆರುತ್ತದೆ. ಆರಲಿ.

ಅವತ್ತು ಅವಳು ನೋಡಿದ ಮೇಲೆ ಕೇಳಿದಳೋ, ನೋಡುವ ಮೊದಲೇ ಕೇಳಿದಳೋ, ನನಗೆ ಗೊತ್ತಿಲ್ಲ.