ಮಾಗಳಕ್ಕೆ ಬಂದ ಸಮುದ್ರದ ಬೋಟು

ಹೂವಿನಹಡಗಲಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ತಗಡಿನ ಶೆಡ್ ಇತ್ತು. ಸುತ್ತಲಿನ ಹಳ್ಳಿಗಳ ಡೀಸೆಲ್ ಪಂಪ್‌ಸೆಟ್ಟುಗಳು ಕೆಟ್ಟರೆ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಅಲ್ಲಿಗೆ ಬರುತ್ತಿದ್ದವು. ಅಪ್ಪ ಮಾಡುತ್ತಿದ್ದ ಕೆಲಸವನ್ನೇ ನಾನೂ ಹಿಡಿದಿದ್ದೆ. ಎಂಬತ್ತರ ದಶಕದ ಆರಂಭದ ವರ್ಷಗಳವು. ನನಗೆ ಮೂವತ್ತೈದರ ಆಸುಪಾಸು. ಆದರೆ ಬೇಸಿಗೆಯಲ್ಲಿ ಎಂಜಿನ್ನುಗಳು ಒಂದರ ಹಿಂದೊಂದು ಬಂದು ಸಾಲುಗಟ್ಟಿದಾಗ, ಬೆಳಿಗ್ಗೆ ಎದ್ದೊಡನೆ ಅರವತ್ತು ದಾಟಿದವನಂತೆ ಸೊಂಟ ಹಿಡಿದುಕೊಳ್ಳುತ್ತಿತ್ತು.

ನನ್ನ ಶೆಡ್ಡಿನಿಂದ ನಾಲ್ಕು ಹೆಜ್ಜೆ ಆಚೆ ಡಾಕ್ಟರ ದವಾಖಾನೆ. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಊರಲ್ಲಿ ಹಳೆಯ ಲಿಂಗಾಯತ ಮನೆತನ ಅವರದು. ಓದು ಮುಗಿಸಿ ಊರಿಗೆ ಬಂದವರು ಮತ್ತೆಲ್ಲಿಯೂ ಹೋಗಲಿಲ್ಲ. ನನ್ನ ಅಮ್ಮಿ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಾಗ ವಾರಕ್ಕೆರಡು ಸಲ ತಾವಾಗಿಯೇ ಬಂದು ನೋಡುತ್ತಿದ್ದರು. ಅವರು ಏನು ಹೇಳಿದರೂ ಇಲ್ಲವೆನ್ನುವ ಬಾಯಿ ನನಗಿರಲಿಲ್ಲ.

ಡಾಕ್ಟರಿಗೆ ಒಂದೇ ಒಂದು ಹುಚ್ಚು, ಗಾಳ ಹಾಕುವುದು. ಭಾನುವಾರ ಮಧ್ಯಾಹ್ನ ಮಾಗಳಕ್ಕೆ ಹೋಗಿ ತುಂಗಭದ್ರೆಯ ದಂಡೆಯಲ್ಲಿ ಕೋಲು ಹಿಡಿದು ಕೂರುತ್ತಿದ್ದರು. ಮೀನು ತಿನ್ನುವ ಮನೆಯಲ್ಲ. ಸಿಕ್ಕಿದ್ದನ್ನು ಕೊಕ್ಕೆಯಿಂದ ಬಿಡಿಸಿ ನೀರಿಗೇ ಬಿಡುತ್ತಿದ್ದರು. ದಂಡೆಯ ಬೆಸ್ತರು ನಗುತ್ತಿದ್ದರು. ಆದರೆ ಅಲ್ಲಿಗೂ ಜನ ಹುಡುಕಿಕೊಂಡು ಬರುತ್ತಿದ್ದರು. ಒಬ್ಬನಿಗೆ ಜ್ವರ, ಇನ್ನೊಬ್ಬಳಿಗೆ ಹೊಟ್ಟೆನೋವು. ಡಾಕ್ಟರು ಕೋಲು ಕೆಳಗಿಟ್ಟು ಏಳುತ್ತಿದ್ದರು.

ಒಂದು ದಿನ ಅವರು ಶೆಡ್ಡಿಗೆ ಬಂದು ಹಳೆಯ ಟೈರಿನ ಮೇಲೆ ಕುಳಿತರು. "ಮಿಸ್ತ್ರಿ, ಕಾರವಾರದಾಗ ಒಂದು ಬೋಟು ಮಾರಾಕ ಐತಂತ. ಒಬ್ಬ ದೊಡ್ಡ ಮನಷ್ಯಾ ಸಮುದ್ರದಾಗ ಗಾಳ ಹಾಕಾಕಂತನ ಮಾಡಿಸಿಕೊಂಡಿದ್ದು. ನೀ ಬಂದು ಎಂಜಿನ್ ನೋಡಬೇಕು" ಎಂದರು.

"ಸಮುದ್ರದ ಬೋಟು ನಮ್ಮ ಹೊಳಿಗೆ ಯಾಕ್ರಿ ಸಾಹೇಬ್ರ? ಹರಿಗೋಲು ಇಲ್ಲೇನ್ರಿ?"

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಇಪ್ಪತ್ತೆಂಟು ವರ್ಷ ಆತು. ಉಣ್ಣಾಕ ಕುಂತ್ರ ಕರೀತಾರ, ಜಳಕಕ್ಕ ಹೋದ್ರ ಕರೀತಾರ. ಬೈಯಾಕತ್ತಿಲ್ಲ ಮತ್ತ, ಅವರಾದ್ರೂ ಎಲ್ಲಿ ಹೋಗಬೇಕು? ಆದ್ರ ವಾರಕ್ಕ ಒಂದು ಮೂರು ತಾಸು ನೀರಿನ ನಡುಕ ಹೋಗಿ ಕುಂತ್ರ ಯಾರ ದನಿನೂ ಕೇಳಂಗಿಲ್ಲ ನೋಡು. ಅಷ್ಟ ಸಾಕು ನನಗ."

ಅವರ ಕಣ್ಣ ಕೆಳಗಿನ ಕಪ್ಪು ನೋಡಿ, ಯಾವಾಗ ಹೊರಡೋದೆಂದು ಕೇಳಿದೆ.

ಡಾಕ್ಟರ ಹಳೆಯ ಕಾರು ಅಷ್ಟು ದೂರ ಬರುವಂಥದಲ್ಲ. ಮುಂದಿನ ವಾರ ನಸುಕಿನ ಬಸ್ಸಿಗೆ ಹೊರಟೆವು. ಹುಬ್ಬಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು. ಘಟ್ಟದ ತಿರುವುಗಳಲ್ಲಿ ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತಿದ್ದೆ. ಡಾಕ್ಟರು ಮಾತ್ರ ಕಿಟಕಿಗೆ ತಲೆಯಿಟ್ಟು ಬಾಯಿ ತೆರೆದು ನಿದ್ದೆ ಹೋಗಿದ್ದರು. ಅವರು ಅಷ್ಟು ಹೊತ್ತು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆ ಕಾರವಾರದಲ್ಲಿ ಇಳಿದಾಗ ಮೈಯೆಲ್ಲ ನುಗ್ಗಾಗಿತ್ತು.

ಬೆಳಿಗ್ಗೆ ದಲ್ಲಾಳಿ ನಮ್ಮನ್ನು ಬಂದರಿಗೆ ಕರೆದೊಯ್ದ. ಬೋಟು ಕಟ್ಟಿಗೆಯದು, ಇಪ್ಪತ್ತೈದು ಅಡಿ ಉದ್ದ. ಮುಂದೆ ಸಣ್ಣ ಕೋಣೆ, ಹಿಂದೆ ಎರಡು ತಿರುಗುವ ಕುರ್ಚಿಗಳು. ಕುರ್ಚಿಯ ಪಕ್ಕ ಗಾಳದ ಕೋಲು ಸಿಕ್ಕಿಸಲು ಹಿತ್ತಾಳೆಯ ಕೊಳವೆಗಳು. ದೊಡ್ಡ ಮೀನು ಎಳೆದಾಗ ಮನುಷ್ಯ ನೀರಿಗೆ ಬೀಳಬಾರದೆಂದು ಕುರ್ಚಿಗೆ ಚರ್ಮದ ಪಟ್ಟಿ. ಡಾಕ್ಟರು ಹತ್ತಿದವರೇ ಆ ಕುರ್ಚಿಯಲ್ಲಿ ಕುಳಿತು, ಪಟ್ಟಿ ಹಾಕಿಕೊಂಡು, ಮಕ್ಕಳಂತೆ ಒಮ್ಮೆ ಪೂರ್ತಿ ಸುತ್ತಿದರು. ಬೋಟು ಆಗಲೇ ಅವರದಾಗಿಬಿಟ್ಟಿತ್ತು.

ನಾನು ಎಂಜಿನ್ನಿನ ಮುಚ್ಚಳ ತೆಗೆದು ಅದರ ಹೆಡ್ಡಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಯಾರೋ ಅದನ್ನು ಓಡಿಸಿ ಇಟ್ಟಿದ್ದರು. ತಣ್ಣಗಿದ್ದಾಗ ಚಾಲೂ ಆಗದ ಎಂಜಿನ್ನನ್ನು ಮಾರುವವರು ಮಾಡುವ ಕೆಲಸ ಅದು. ಡಾಕ್ಟರ ಕಿವಿಯಲ್ಲಿ ಹೇಳಿದೆ.

"ಬೆಳಿಗ್ಗೆ ಜಾಗ ಬದಲು ಮಾಡಿದ್ವು, ಅದಕ್ಕೇ ಬಿಸಿ ಅದೆ" ಎಂದ ದಲ್ಲಾಳಿ, ಕೇಳಿಸಿಕೊಂಡವನಂತೆ.

"ಅದನ್ನ ನೀ ರಿಪೇರಿ ಮಾಡ್ತಿ ಬಿಡು" ಎಂದರು ಡಾಕ್ಟರು.

ಸಮುದ್ರದಲ್ಲಿ ಒಂದು ಸುತ್ತು ಹೋಗೋಣ ಎಂದ ದಲ್ಲಾಳಿ. ಬಂದರು ದಾಟುತ್ತಲೇ ಅಲೆಗಳು ಬೋಟನ್ನು ಎತ್ತಿ ಇಳಿಸತೊಡಗಿದವು. ನಾನು ಎರಡು ಸಲ ವಾಂತಿ ಮಾಡಿಕೊಂಡು ನೆಲದ ಹಲಗೆಗಳ ಮೇಲೆ ಅಂಗಾತ ಮಲಗಿಬಿಟ್ಟೆ. ಎಂಜಿನ್ನಿನ ಸದ್ದು ಬೆನ್ನಿಗೆ ತಾಗುತ್ತಿತ್ತು. ಸದ್ದೇನೋ ಸಮವಾಗಿಯೇ ಇತ್ತು. ನಾನು ಮಲಗಿದ್ದ ಹಲಗೆಗಳ ಕೆಳಗೇ ಡೀಸೆಲ್ ಟ್ಯಾಂಕು ಇತ್ತು. ಅದನ್ನು ತೆರೆದು ಒಳಗೆ ತುಕ್ಕಿದೆಯೇ ನೋಡಬೇಕೆಂದು ಬಸ್ಸಿನಲ್ಲಿ ಬರುವಾಗಲೇ ಅಂದುಕೊಂಡಿದ್ದೆ. ಹಳೆಯ ಎಂಜಿನ್ನಿನಲ್ಲಿ ಮೊದಲು ನೋಡಬೇಕಾದದ್ದೇ ಅದು. ದಡಕ್ಕೆ ಬಂದ ಮೇಲೆ ನೋಡಿದರಾಯಿತು ಎಂದು ಕಣ್ಣು ಮುಚ್ಚಿದೆ.

ದಡಕ್ಕೆ ಬಂದ ಮೇಲೆ ಬಗ್ಗಿ ನೋಡಿದೆ. ಹಲಗೆಗಳಿಗೆ ಬಿಗಿದ ತಿರುಪುಗಳು ತುಕ್ಕು ಹಿಡಿದು ಒಂದಾಗಿದ್ದವು. ಬಿಚ್ಚಲು ಅರ್ಧ ದಿನ ಬೇಕಿತ್ತು.

"ಎಲ್ಲಾ ನೋಡಿದ್ಯೇನು?" ಎಂದು ಡಾಕ್ಟರು ನನ್ನ ಮುಖ ನೋಡಿದರು.

ನನಗೆ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. "ನೋಡೀನ್ರಿ" ಎಂದೆ.

ಹದಿನೈದು ದಿನಗಳ ನಂತರ ಬೋಟು ಲಾರಿಯ ಮೇಲೆ ಹಡಗಲಿಗೆ ಬಂತು. ಘಟ್ಟದ ಮರದ ಕೊಂಬೆಗಳು ಕೋಣೆಯ ಗಾಜು ಒಡೆದಿದ್ದವು. ಊರೆಲ್ಲ ನೋಡಲು ನೆರೆಯಿತು. ಹಿಂದಿನ ಕಾಲದಲ್ಲಿ ನಮ್ಮೂರಿನ ಹೂವು ಹಡಗಿನಲ್ಲಿ ಹಂಪಿಗೆ ಹೋಗುತ್ತಿತ್ತೆಂದೂ ಅದಕ್ಕೇ ಈ ಹೆಸರೆಂದೂ ಎಲ್ಲರೂ ಹೇಳುತ್ತಾರಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮಾರುವ ಹೆಂಗಸೊಬ್ಬಳು ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಬಂದು, "ಹಡಗು ಬಂತಲ್ರಿ ಡಾಕ್ಟ್ರ, ನನ್ನ ಹೂವ ಇನ್ನ ಹಂಪಿಗೇ ಕಳಸ್ರಿ" ಎಂದಳು. ಎರಡು ಮೊಳ ಹರಿದು ಬೋಟಿನ ಮೂತಿಗೆ ಕಟ್ಟಿದಳು. ನಗುವಾಗ ಅವಳಿಗೆ ಉಬ್ಬಸ ಬರುತ್ತಿತ್ತು. ತಿಂಗಳಿಗೊಮ್ಮೆಯಾದರೂ ಉಸಿರು ಕಟ್ಟಿ ಡಾಕ್ಟರ ಹತ್ತಿರ ಸೂಜಿ ಹಾಕಿಸಿಕೊಂಡು ಹೋಗುವವಳು.

ಮೂರು ತಿಂಗಳು ಆ ಎಂಜಿನ್ನಿನ ಜೊತೆ ಕಳೆದೆ. ಉಪ್ಪುನೀರು ಒಳಗಿನ ನೀರಿನ ದಾರಿಗಳನ್ನೆಲ್ಲ ತಿಂದಿತ್ತು. ಹಗಲೆಲ್ಲ ರೈತರ ಪಂಪ್‌ಸೆಟ್ಟು, ಬಿಡುವಾದಾಗ ಬೋಟು. ರಿಂಗು ಬದಲಿಸಿದೆ, ವಾಲ್ವು ಕೂರಿಸಿದೆ. ತಣ್ಣಗಿದ್ದಾಗಲೂ ಚಾಲೂ ಆಗುವಂತೆ ಮಾಡಿದೆ. ಟ್ಯಾಂಕು ಮಾತ್ರ ಬೋಟಿನ ಹೊಟ್ಟೆಯಲ್ಲೇ ಕೂಡಿಸಿ ಕಟ್ಟಿದ್ದು. ಅದನ್ನು ತೆಗೆಯಬೇಕೆಂದರೆ ನೆಲವನ್ನೆಲ್ಲ ಕೀಳಬೇಕು. ಕೈ ಸೋತಿತ್ತು. ಡೀಸೆಲ್ಲನ್ನು ಬಟ್ಟೆಯಲ್ಲಿ ಸೋಸಿ ಹಾಕಿದರೆ ನಡೆಯುತ್ತದೆ ಎಂದುಕೊಂಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ಡ್ಯಾಮಿನ ಹಿನ್ನೀರು ತುಂಬಿ ಹೊಳೆ ಅಗಲವಾಗಿತ್ತು. ಮಾಗಳದಲ್ಲಿ ಬೋಟನ್ನು ನೀರಿಗೆ ಇಳಿಸಿದೆವು. ನಾಲ್ಕು ಭಾನುವಾರ ಚೆನ್ನಾಗಿಯೇ ನಡೆಯಿತು. ನಡುನೀರಿಗೆ ಹೋಗಿ ಎಂಜಿನ್ ನಿಲ್ಲಿಸಿದರೆ ಗಾಳಿಯ ಸದ್ದು ಬಿಟ್ಟು ಏನೂ ಇಲ್ಲ. ಡಾಕ್ಟರು ಗಾಳ ಹಾಕಿ ಕುರ್ಚಿಗೆ ಒರಗಿದರೆ ಐದು ನಿಮಿಷದಲ್ಲಿ ಗೊರಕೆ. ಮೀನು ಕಚ್ಚಿ ಕೋಲು ಬಾಗಿದರೂ ಅವರನ್ನು ಎಬ್ಬಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಐದನೆಯ ಭಾನುವಾರ ಮಧ್ಯಾಹ್ನ, ಹಿಂದಿರುಗಲು ಹೊರಟಾಗ ಎಂಜಿನ್ ನಿಂತಿತು. ಫಿಲ್ಟರ್ ಬಿಚ್ಚಿದೆ. ಒಳಗೆ ಕಂದು ರಾಡಿ. ತೊಳೆದು, ಪೈಪಿನ ಗಾಳಿ ತೆಗೆದು ಚಾಲೂ ಮಾಡಿದೆ. ಎರಡು ನಿಮಿಷ ಓಡಿ ಮತ್ತೆ ನಿಂತಿತು. ಮತ್ತೆ ಬಿಚ್ಚಿದೆ, ಮತ್ತೆ ಅದೇ ರಾಡಿ. ಟ್ಯಾಂಕಿನ ಒಳಗೋಡೆಯ ತುಕ್ಕು ಉದುರಿ ಬರುತ್ತಿತ್ತು. ನನಗೆ ಒಳಗೊಳಗೇ ತಿಳಿದುಹೋಯಿತು. ಗಾಳಿ ಬೋಟನ್ನು ಆಚೆ ದಡದ ಕಡೆ ತಳ್ಳಿ, ನೀರಲ್ಲಿ ಮುಳುಗಿದ ಜಾಲಿಮರಗಳ ನಡುವೆ ಸಿಕ್ಕಿಸಿತು.

ಅಷ್ಟರಲ್ಲಿ ಮಾಗಳದ ದಂಡೆಗೆ ಒಂದು ವ್ಯಾನು ಬಂದು ನಿಂತದ್ದು ಕಾಣಿಸಿತು. ಐದಾರು ಮಂದಿ ಇಳಿದರು. ಒಬ್ಬ ಟವೆಲ್ ಬೀಸುತ್ತಿದ್ದ. ಬೋಟು ನೋಡಲು ಹಾಗೆ ಜನ ಬಂದು ಕೂಗುವುದು ಪ್ರತಿ ವಾರವೂ ಇದ್ದದ್ದೇ.

"ನೋಡಾಕ ಬಂದಾರ" ಎಂದು ಡಾಕ್ಟರು ನಕ್ಕು, ಕುರ್ಚಿಯಿಂದ ಎದ್ದು, ತಲೆಯ ಮೇಲೆ ಕೈಯೆತ್ತಿ ಬೀಸಿದರು. ಮತ್ತೆ ಕುಳಿತರು. ನಾನು ಫಿಲ್ಟರ್ ತೊಳೆಯುತ್ತಲೇ ಇದ್ದೆ.

ಒಂದು ತಾಸಾದ ಮೇಲೆ ಬೆಸ್ತನೊಬ್ಬ ಹರಿಗೋಲು ಹುಟ್ಟುಹಾಕುತ್ತ ಬಂದ. ಎದುರು ಗಾಳಿಗೆ ಸಿಕ್ಕು ಅವನಿಗೆ ಏದುಸಿರು. "ಸಾಹೇಬ್ರ, ಲಗೂನ ಬರ್ರಿ. ಹೂ ಮಾರಾಕಿಗೆ ಉಸರು ಕಟ್ಟೈತಿ. ಊರಾಗ ನೀವು ಇಲ್ಲಂತ ಇಲ್ಲಿಗೇ ಕರಕೊಂಡು ಬಂದಾರ."

ಬೋಟನ್ನು ಅಲ್ಲೇ ಬಿಟ್ಟು ಹರಿಗೋಲಿಗೆ ಹಾರಿದೆವು. ಡಾಕ್ಟರು ಇನ್ನೊಂದು ಹುಟ್ಟು ತೆಗೆದುಕೊಂಡು ತಾವೇ ನೀರು ತಳ್ಳಿದರು. ಔಷಧದ ಚೀಲ ದಂಡೆಯಲ್ಲಿ, ಬೀಗ ಹಾಕಿದ ಅವರ ಕಾರಿನೊಳಗಿತ್ತು. ಬೀಗದ ಕೈ ಅವರ ಜೇಬಿನಲ್ಲಿ. ಹರಿಗೋಲು ಸುತ್ತು ತಿರುಗುತ್ತ, ನಿಧಾನವಾಗಿ, ಬಹಳ ನಿಧಾನವಾಗಿ ಹೋಯಿತು.

ಅವಳನ್ನು ಮರದ ನೆರಳಿನಲ್ಲಿ ಗಂಡನ ಎದೆಗೆ ಒರಗಿಸಿ ಕೂರಿಸಿದ್ದರು. ಡಾಕ್ಟರು ಮಂಡಿಯೂರಿ ನಾಡಿ ಹಿಡಿದರು, ರೆಪ್ಪೆ ಎತ್ತಿ ನೋಡಿದರು, ಎದೆಗೆ ಕಿವಿ ಇಟ್ಟರು. ಎಷ್ಟೋ ಹೊತ್ತು ಹಾಗೇ ಇದ್ದರು. ಆಮೇಲೆ ಅವಳ ಸೆರಗು ಸರಿಮಾಡಿದರು. ಅವಳ ಬೆರಳಿಗೆ ಹೂ ಕಟ್ಟುವ ಬಾಳೆನಾರು ಸುತ್ತಿಕೊಂಡೇ ಇತ್ತು.

ಗಂಡ ಇನ್ನೂ ಅವಳನ್ನು ಬಿಟ್ಟಿರಲಿಲ್ಲ. ಸಿಟ್ಟಿಲ್ಲದ ದನಿಯಲ್ಲಿ, ಏನೋ ಲೆಕ್ಕ ತಪ್ಪಿದವನ ಹಾಗೆ ಹೇಳಿದ: "ಹೊಸಪೇಟಿಗೆ ಒಯ್ಯೋಣು ಅಂದಿದ್ದೆ ರೀ. ನೀವು ಕೈ ಮಾಡಿದ್ರಿ. ಬರ್ತೀನಿ ಅಂತ ಕೈ ಮಾಡ್ಯಾರ ಅಂತ ಇಲ್ಲೇ ಕುಂತ್ವಿ."

ಡಾಕ್ಟರು ಎದ್ದರು. ಆ ಹೆಂಗಸನ್ನು ವ್ಯಾನಿಗೆ ಎತ್ತಲು ತಾವೂ ಕೈಕೊಟ್ಟರು. ಮಣ್ಣಿಗೆ ಹೋಗಿ ಕೊನೆಯತನಕ ನಿಂತರು. ಊರಲ್ಲಿ ಒಬ್ಬರೂ ಅವರನ್ನು ಬೈಯಲಿಲ್ಲ. ಮರುದಿನ ದವಾಖಾನೆಯ ಮುಂದೆ ಅಷ್ಟೇ ಜನ. ಭಾನುವಾರವೂ ಬಾಗಿಲು ತೆರೆದಿತ್ತು. ಅದರ ಮುಂದಿನ ಭಾನುವಾರವೂ.

ನನಗೆ ಕೆಲಸ ಮಾಡಲಾಗುತ್ತಿರಲಿಲ್ಲ. ಪಾನಾ ಹಿಡಿದರೆ ಯಾವ ನಟ್ಟು ಬಿಚ್ಚುತ್ತಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ತಿಂಗಳ ಮೇಲೆ, ಒಂದು ಮಧ್ಯಾಹ್ನ ರೋಗಿಗಳೆಲ್ಲ ಹೋದ ಬಳಿಕ ಅವರ ಕೋಣೆಗೆ ಹೋಗಿ ನಿಂತೆ. ಕಾರವಾರದಲ್ಲಿ ಟ್ಯಾಂಕು ನೋಡಲಿಲ್ಲ, ನೋಡಿದೆನೆಂದು ಸುಳ್ಳು ಹೇಳಿದೆ, ಆಮೇಲೂ ಮೈಗಳ್ಳತನ ಮಾಡಿದೆ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ಸೂಜಿಗಳನ್ನು ಕುದಿಯುವ ನೀರಿಗೆ ಹಾಕುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಟ್ಯಾಂಕ್ ತೂತು ಬಿದ್ದೈತಿ ಅಂತ ಹೇಳಿದ್ರೂ ನಾ ತಗೊಂತಿದ್ದೆ" ಎಂದರು. ಕೊನೆಯ ಸೂಜಿ ಹಾಕಿ, "ಆದ್ರ ಹೇಳಬೇಕಾಗಿತ್ತಪ್ಪಾ ನೀ" ಎಂದರು.

"ತಪ್ಪಾತ್ರಿ."

"ಹೂಂ. ನನ್ನ ಕೈ ನಾ ಎತ್ತಿದ್ದು, ನಿನ್ನ ಟ್ಯಾಂಕ್ ನೀ ಬಿಟ್ಟಿದ್ದು. ಇಬ್ರೂ ದಣಿದಿದ್ವಿ. ಅಕಿ ಗಂಡಗ ಹೋಗಿ ದಣಿದಿದ್ವಿ ಅಂತ ಹೇಳಾಕ ಬರತೈತೇನು?"

ಅವರು ಒಲೆ ಆರಿಸಿ, ಕುರ್ಚಿಯಲ್ಲಿ ಕುಳಿತು, "ಆ ಬೋಟು ತೆಗಸಿಬಿಡು. ನಾ ನೋಡಾಕ ಬರಂಗಿಲ್ಲ" ಎಂದರು.

ಬೆಸ್ತರು ಅದನ್ನು ಜಾಲಿಮರಗಳಿಂದ ಬಿಡಿಸಿ ಮಾಗಳದ ದಂಡೆಗೆ ಎಳೆದು ತಂದಿದ್ದರು. ಅದರ ಆಳವಾದ ಅಡಿ ನಮ್ಮ ಹೊಳೆಗೆ ಒಗ್ಗುವಂಥದಲ್ಲ, ನೀರು ಇಳಿದರೆ ನೆಲ ಕಚ್ಚುತ್ತದೆ, ಕಟ್ಟಿಗೆಯಾದರೂ ಉಪಯೋಗಕ್ಕೆ ಬರಲಿ ಎಂದರು. ಒಡೆಯಲು ಎರಡು ದಿನ ಹಿಡಿಯಿತು. ನಾನೇ ನಿಂತು ಎಂಜಿನ್ ಇಳಿಸಿದೆ. ನೆಲದ ಹಲಗೆ ಕಿತ್ತಾಗ ಟ್ಯಾಂಕು ಬಯಲಾಯಿತು. ಬೆರಳು ಒತ್ತಿದರೆ ಪದರು ಪದರಾಗಿ ಕಳಚಿ ಬೀಳುತ್ತಿತ್ತು.

ಹಲವಾಗಲು ಎಂಬ ಊರಿನ ರೈತರೊಬ್ಬರು ಹೊಳೆಯಿಂದ ನೀರೆತ್ತಲು ಎಂಜಿನ್ ಕೇಳಿದರು. ಹೊಸ ಟ್ಯಾಂಕು ಕಟ್ಟಿ, ಅವರ ಎದುರಿಗೇ ಒಳಗೆ ಬೆಳಕು ಬಿಟ್ಟು ತೋರಿಸಿದೆ. "ಇಷ್ಟ್ಯಾಕ ತೋರಸ್ತೀರಿ ಸಾಬ್ರ, ನಂಬಿಕಿ ಐತಿ ಬಿಡ್ರಿ" ಎಂದರು ಅವರು. ನಾನು ಮತ್ತೊಮ್ಮೆ ಬೆಳಕು ಬಿಟ್ಟು, ಬಗ್ಗಿ ನೋಡಿರೆಂದೆ. ಅವರು ನನ್ನ ಸಮಾಧಾನಕ್ಕೆಂದು ಬಗ್ಗಿದರು. ಹೊಳೆಯ ದಂಡೆಯಲ್ಲಿ ಎಂಜಿನ್ ಕೂರಿಸಿ, ನೀರು ಕಾಲುವೆಗೆ ಬಿದ್ದದ್ದನ್ನು ನೋಡಿ, ಹರಪನಹಳ್ಳಿಯ ಮೇಲೆ ಹಡಗಲಿಗೆ ಹೋಗುವ ಬಸ್ಸು ಹಿಡಿದೆ. ಸೀಟು ಖಾಲಿಯಿದ್ದರೂ ಊರು ಬರುವ ತನಕ ನನಗೆ ನಿದ್ದೆ ಹತ್ತಲಿಲ್ಲ.