ಸುಟ್ಟ ಕೂದಲಿನ ಉಪಯೋಗ

ಹೋದ ವಾರ ಒಂದು ಬೆಳಿಗ್ಗೆ ಸುರಪುರದಿಂದ ಶಹಾಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದೆ. ಹಿಂದಿನ ಸೀಟಿನಿಂದ ಒಂದು ಕೈ ಮುಂದೆ ಬಂತು. ನನ್ನ ಕೂದಲನ್ನು ಎರಡು ಬೆರಳಿನಲ್ಲಿ ಹಿಡಿದು, ಅಂಗಡಿಯಲ್ಲಿ ಸೀರೆಯ ನೇಯ್ಗೆ ನೋಡುವ ಹಾಗೆ ಉಜ್ಜಿ ನೋಡಿತು.

"ಯವ್ವಾ, ಟೈಫಾಯ್ಡ್ ಆಗಿತ್ತೇನು?"

ತಿರುಗಿದೆ. ಪರಿಚಯವೇ ಇಲ್ಲದ ಹೆಂಗಸು. ಮಡಿಲಲ್ಲಿ ಮೆಂತ್ಯ ಸೊಪ್ಪಿನ ಗಂಟು. ಮುಖದಲ್ಲಿ ನಿಜವಾದ ಕಳವಳ.

"ಇಲ್ರಿ."

"ಮತ್ತ ಹಿಂಗ್ಯಾಕ ಆಗ್ಯಾದ? ಒಲಿ ಮುಂದ ಕುಂತಾಗ ಹತ್ತಿಕೊಂಡಿತ್ತೇನು?"

"ಇಲ್ರಿ. ಪಾರ್ಲರ್‌ನಾಗ ಮಾಡಿಸಿದ್ದೆ."

"ರೊಕ್ಕ ಕೊಟ್ಟು?"

ಬಸ್ಸಿನ ಆ ಭಾಗವೆಲ್ಲ ನಕ್ಕಿತು. ಆಮೇಲೆ ಮದ್ದುಗಳು ಶುರುವಾದವು. ಒಬ್ಬರು ಕುಸುಬೆ ಎಣ್ಣೆ ಎಂದರು. ಇನ್ನೊಬ್ಬರು ಮೊಟ್ಟೆ ಎಂದರು. ಮೊಟ್ಟೆ ಎಂದವರನ್ನು ಮೂರನೆಯವರು ಬೈದರು. ಕಂಡಕ್ಟರ್ ಬಂದು, "ಮೊದಲ ಟಿಕೆಟ್ ತಗೋರಿ, ಕೂದಲ ಆಮ್ಯಾಲ ಬೆಳಸೋಣು" ಎಂದ. ನಾನು ದುಪಟ್ಟಾ ತಲೆಯ ಮೇಲೆ ಎಳೆದುಕೊಂಡೆ.

ನನ್ನ ವಿಷಯವನ್ನು ನಾನು ಅಷ್ಟಾಗಿ ಬರೆಯುವುದಿಲ್ಲ ಎಂದು ಈ ಅಂಕಣ ಓದುವವರಿಗೆ ಗೊತ್ತು. ಆದರೆ ಕೂದಲು ಖಾಸಗಿ ವಿಷಯವಲ್ಲ ಎಂದು ಜಿಲ್ಲೆಯೇ ತೀರ್ಮಾನಿಸಿದ ಮೇಲೆ ನಾನೊಬ್ಬಳೇ ಮುಚ್ಚಿಟ್ಟು ಏನು ಪ್ರಯೋಜನ?

ನನ್ನದು ಹುಟ್ಟಿನಿಂದ ಗುಂಗುರು ಕೂದಲು. ಹೋದ ವರ್ಷ ಗೆಳತಿಯ ಮದುವೆಗೆಂದು ಕಲಬುರಗಿಗೆ ಹೋದಾಗ, ಅಲ್ಲಿನ ಒಂದು ಪಾರ್ಲರ್‌ನಲ್ಲಿ ಸ್ಮೂಥನಿಂಗ್ ಮಾಡಿಸಿಕೊಂಡೆ. ಕಣ್ಣಿಗೆ ಉರಿ ಹತ್ತುವ ವಾಸನೆಯ ಕ್ರೀಮು. ಆಮೇಲೆ ಕಾಯಿಸಿದ ಇಸ್ತ್ರಿ. ಎದ್ದಾಗ ಕನ್ನಡಿಯಲ್ಲಿ ಬೇರೆ ಯಾರೋ ಇದ್ದರು. ನೀರಿನ ಹಾಗೆ ಇಳಿಬಿದ್ದ ಕೂದಲು. ಕೆಲವು ತಿಂಗಳು ನಾನು ಬೇಕೆಂದೇ ತಲೆ ತಿರುಗಿಸಿ ಮಾತಾಡುತ್ತಿದ್ದೆ. (ನಿಮ್ಮಲ್ಲಿ ಯಾರೂ ಹಾಗೆ ಮಾಡಿಲ್ಲವೇ? ಒಳ್ಳೆಯದು.)

ನಂತರ ಬುಡದಿಂದ ಹೊಸ ಕೂದಲು ಬಂತು, ಗುಂಗುರಾಗಿಯೇ. ಹೊಸತು ಮತ್ತು ಹಳೆಯದು ಸೇರುವ ಜಾಗದಲ್ಲಿ ಎಳೆಗಳು ತುಂಡಾಗತೊಡಗಿದವು. ದಿಂಬಿನ ಮೇಲೆ, ಚಪಾತಿ ಹಿಟ್ಟಿನಲ್ಲಿ, ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳ ನಡುವೆ ಎಲ್ಲೆಲ್ಲೂ ಕೂದಲು. ಕೊನೆಗೆ ಉಳಿದದ್ದು ಮೇಲೆ ಗುಂಗುರು, ಕೆಳಗೆ ಪೊರಕೆ.

ಇದರಲ್ಲಿ ಅತಿ ಬೇಸರದ ಸಂಗತಿ ಏನು ಗೊತ್ತೇ? ನಾನು ಶಹಾಪುರದ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಲಿಸುವುದು ರಸಾಯನಶಾಸ್ತ್ರ. ಕೂದಲಿನೊಳಗೆ ಗಂಧಕದ ಬಂಧಗಳಿರುತ್ತವೆ, ಆ ಕ್ರೀಮು ಅವನ್ನು ಒಡೆಯುತ್ತದೆ, ಒಡೆದದ್ದೆಲ್ಲ ಮತ್ತೆ ಕೂಡುವುದಿಲ್ಲ ಎಂದು ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳಬಲ್ಲವಳು ನಾನೇ. ಸ್ಟಾಫ್ ರೂಮಿನಲ್ಲಿ ಇತಿಹಾಸದ ಸರ್ ಒಂದೇ ಮಾತಿನಲ್ಲಿ ಮುಗಿಸಿದರು: "ನಮ್ಮ ಕೆಮಿಸ್ಟ್ರಿ ಮೇಡಂ ಪ್ರಾಕ್ಟಿಕಲ್ ತಮ್ಮ ತಲಿ ಮ್ಯಾಲೇ ಮಾಡ್ಯಾರ್ರಿ."

ರಿಪೇರಿಗೆ ಏನು ಮಾಡಲಿಲ್ಲ ಕೇಳಿ. ಶಹಾಪುರದಲ್ಲಿ ಪಾರ್ಲರ್ ನಡೆಸುವ ಪರ್ವೀನ್ ಆಪಾ ಬಳಿ ಹೋದೆ. ಅವರು ಕೂದಲು ಎತ್ತಿ ನೋಡಿ, "ದೇಖೋ ಮೇಡಂ, ಇದಕ್ಕ ಕೆರಾಟಿನ್ ಕೊಡಬೇಕು" ಎಂದರು.

"ಅದರಿಂದ ಇನ್ನೂ ಕೆಟ್ಟರ?"

"ಅದಕ್ಕೂ ಒಂದು ಹೊಸಾದು ಬಂದದ."

ನಮಸ್ಕಾರ ಹೇಳಿ ಎದ್ದು ಬಂದೆ.

ಮನೆಯಲ್ಲಿ ಅವ್ವನ ದಾರಿ ಬೇರೆ. ನಮ್ಮ ಬೋರ್ ನೀರಿನಲ್ಲಿ ತೊಗರಿ ಬೇಳೆ ಬೇಯುವುದಿಲ್ಲ. ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಹಲ್ಲಿಗೆ ಸಿಗುತ್ತದೆ. ಅದೇ ಕಾಲುವೆ ನೀರು ಹಾಕಿದರೆ ಬೆಣ್ಣೆ. ಹಾಗಾಗಿ ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನಮ್ಮ ಓಣಿಯವರೆಲ್ಲ ಬೇಳೆಗೆಂದೇ ಕ್ಯಾನು ತುಂಬಿಸಿಕೊಂಡು ಬರುತ್ತಾರೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಬ್ಯಾಳಿ ಮೆತ್ತಗ ಮಾಡೋ ನೀರು ಕೂದಲ ಮೆತ್ತಗ ಮಾಡಲ್ಲೇನು?"

ರಸಾಯನಶಾಸ್ತ್ರದಲ್ಲಿ ಇದಕ್ಕೆ ಉತ್ತರ ಹೌದು ಮತ್ತು ಇಲ್ಲ. ಅವ್ವನಿಗೆ ಹೌದು ಸಾಕಾಯಿತು. ಅಪ್ಪ ಸ್ಕೂಟರ್ ಮೇಲೆ ಕ್ಯಾನು ಹೊತ್ತು ತರತೊಡಗಿದರು. ಒಂದು ದಿನ ಕ್ಯಾನು ಇಳಿಸುತ್ತ ಗೊಣಗಿದರು: "ಮಂದಿ ಕೇಳಾಕತ್ತಾರ, ದಿನಾ ಎಷ್ಟು ಬ್ಯಾಳಿ ತಿಂತೀರಿ ಸರ್ ಅಂತ."

ಕೂದಲು ತುಸು ಮೆತ್ತಗಾಯಿತು ನಿಜ. ಅಷ್ಟರಲ್ಲಿ ಕಾಲುವೆ ಬಂದ್ ಆಯಿತು. ಬೇಳೆಯ ಗತಿ ಏನಾಯಿತೋ ಕೂದಲಿನದೂ ಅದೇ ಆಯಿತು.

ಕೊನೆಗೆ ತಿಳಿದದ್ದು ಇಷ್ಟೇ. ಸುಟ್ಟ ಕೂದಲು ರಿಪೇರಿಯಾಗುವುದಿಲ್ಲ. ಬಾಟಲಿಯ ಮೇಲೆ ಏನೇ ಬರೆದಿರಲಿ, ಅದು ಮೇಲೆ ಬಳಿಯುವ ಸುಣ್ಣ. ಮಾಡಬೇಕಾದದ್ದು ಬೇಸರ ತರಿಸುವಷ್ಟು ಸರಳ. ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ. ಬಿಡಿ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಮೇಲಕ್ಕೆ ಬಿಡಿಸುವುದು, ಎಳೆಯದೆ. ಆಗಾಗ ತುದಿ ಕತ್ತರಿಸುವುದು. ಉಳಿದದ್ದು ಕಾಯುವುದು. ಕಾಯುವುದನ್ನು ಯಾವ ಪಾರ್ಲರೂ ಮಾರುವುದಿಲ್ಲ.

ಇದಿಷ್ಟೇ ಆಗಿದ್ದರೆ ಈ ವಾರ ಬೇರೆ ಏನಾದರೂ ಬರೆಯುತ್ತಿದ್ದೆ.

ಬಸ್ಸಿನ ಟೈಫಾಯ್ಡ್ ಪ್ರಕರಣ ನಡೆದ ದಿನವೇ ಮಧ್ಯಾಹ್ನ ಲ್ಯಾಬ್ ಮುಗಿಯಿತು. ಎಲ್ಲರೂ ಹೋದರೂ ಒಬ್ಬಳು ತೊಳೆದ ಟೆಸ್ಟ್‌ಟ್ಯೂಬನ್ನೇ ಮತ್ತೆ ತೊಳೆಯುತ್ತ ನಿಂತಿದ್ದಳು. ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿ. ಸಾಬಮ್ಮ ಎಂದುಕೊಳ್ಳಿ. (ಅದು ಅವಳ ಹೆಸರಲ್ಲ. ಊರನ್ನೂ ಹೇಳುವುದಿಲ್ಲ. ಇದನ್ನು ಅವಳಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಕಳಿಸಿದ್ದೇನೆ.) ತರಗತಿಯಲ್ಲಿ ಸದಾ ಸ್ಟೋಲ್ ಸುತ್ತಿಕೊಂಡೇ ಕೂರುವವಳು. ಬ್ಯುರೆಟ್ಟಿನ ಅಳತೆಯನ್ನು ಅವಳಷ್ಟು ಸರಿಯಾಗಿ ಓದುವವರು ಆ ಬ್ಯಾಚಿನಲ್ಲಿ ಇನ್ನೊಬ್ಬರಿಲ್ಲ.

"ಮೇಡಂ, ನೀವು ಕೂದಲ ಎಲ್ಲಿ ಮಾಡಿಸಿದ್ರಿ? ನನಗೂ ಮಾಡಿಸಬೇಕಾಗ್ಯಾದ."

ಅವತ್ತು ನನಗೆ ತಾಳ್ಮೆ ಉಳಿದಿರಲಿಲ್ಲ. "ನನ್ನ ಕೂದಲ ಈಗ ಹೆಂಗದ ಅಂತ ನೋಡಿಲ್ಲೇನು ನೀ?"

"ನೋಡೀನ್ರಿ."

ಮನೆ, ಪಾರ್ಲರ್ ಬಿಟ್ಟು ಬೇರೆಲ್ಲೂ ಮಾಡದ ಕೆಲಸ ಮಾಡಿದೆ. ದುಪಟ್ಟಾ ತೆಗೆದೆ, ಕ್ಲಿಪ್ ಬಿಚ್ಚಿದೆ, ಕೂದಲು ಇಳಿಬಿಟ್ಟೆ. "ಬಾ ಇಲ್ಲಿ, ಮುಟ್ಟಿ ನೋಡು" ಎಂದೆ. ಒಂದು ಎಳೆ ಹಿಡಿದು ಮೆಲ್ಲಗೆ ಎಳೆದು ತೋರಿಸಿದೆ. ಒಣ ಶಾವಿಗೆಯ ಹಾಗೆ ತುಂಡಾಯಿತು.

ಅವಳು ಮುಟ್ಟಿದಳು. ತಿರುವಿ ನೋಡಿದಳು. ಅಸಹ್ಯವಿಲ್ಲ, ಕನಿಕರವೂ ಇಲ್ಲ. ಆಮೇಲೆ ಕೇಳಿದಳು:

"ಇದರಾಗ ಜಡಿ ಕಟ್ಟಲ್ಲಲ್ರಿ ಮೇಡಂ?"

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಡೆಯವರಿಗೆ ಒಂದು ಮಾತು. ಇಲ್ಲಿ ಜಡೆ ಎಂದರೆ ಹೆರಳಲ್ಲ. ಕೂದಲು ಬಿಡಿಸಲಾಗದಂತೆ ಗಂಟುಗಟ್ಟಿ ಹಗ್ಗವಾಗುವುದು ಜಡೆ. ಅದು ಎಣ್ಣೆ ನೀರು ಕಾಣದೆ ಆದದ್ದಲ್ಲ, ದೇವಿ ಬಂದು ಕುಳಿತದ್ದು ಎಂದು ನಂಬುವ ಮನೆಗಳು ಇನ್ನೂ ಇವೆ. ಬಂದ ಜಡೆಗೆ ಬಾಚಣಿಗೆ ತಾಗಿಸುವಂತಿಲ್ಲ. ಕತ್ತರಿ ಹಾಕುವಂತಿಲ್ಲ. ಅದು ಹುಡುಗಿಯ ತಲೆಯಲ್ಲಿ ಬಂದರೆ, ಹುಡುಗಿ ದೇವಿಯವಳು.

ಸಾಬಮ್ಮ ಸ್ಟೋಲ್ ತೆಗೆದಳು. ನನ್ನ ಹಳೆಯ ಕೂದಲಿನಂಥದೇ ದಟ್ಟ ಗುಂಗುರು. ಎಡಗಿವಿಯ ಹಿಂದೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟು. ಗಂಟಿನ ಮೇಲೆ ಕುಂಕುಮ.

"ಇದ್ಯಾರು ಹಚ್ಚಿದ್ದು?"

"ಅಜ್ಜಿ. ಹೋದ ವಾರ ತಲಿ ನೇವರಿಸಾಕ ಬಂದಾಗ ಕೈಗೆ ಸಿಕ್ಕಾದ. ಹುಣ್ಣಿವಿಗೆ ಗುಡಿಗೆ ಕರಕೊಂಡು ಹೋಗ್ತೀನಿ ಅಂತಾಳ. ಹೋಗಿ ಬಂದ ಮ್ಯಾಲ ಕಾಲೇಜ ಇಲ್ಲ, ಲಗ್ನಾನೂ ಇಲ್ರಿ."

ಗಂಟು ಹೇಗೆ ಬಂತು ಎಂಬುದರಲ್ಲಿ ರಹಸ್ಯವೇನೂ ಇರಲಿಲ್ಲ. ರಜೆಯಲ್ಲಿ ಅವಳು ಅವ್ವನ ಜೊತೆ ಕಾಲುವೆ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗಿದ್ದಳು. ತಲೆಗೆ ಬಿಗಿಯಾಗಿ ಬಟ್ಟೆ, ಅದರೊಳಗೆ ಬೆವರು, ಅದರ ಮೇಲೆ ಸಸಿಯ ಹೊರೆ. ಕೆಸರಿನಿಂದ ಮನೆಗೆ ಬಂದವಳಿಗೆ ಬಾಚಣಿಗೆ ನೆನಪಾಗುವುದೇ?

"ದೇವಿಗೆ ಬಿಡಬಾರದಂತ ಕಾನೂನು ಅದ. ಗೊತ್ತಿಲ್ಲೇನು?" ಎಂದೆ.

"ಗೊತ್ತದ್ರಿ. ನಮ್ಮಜ್ಜೀನ ಪೊಲೀಸ್ ಸ್ಟೇಷನ್ನಿಗೆ ಕರಕೊಂಡು ಹೋಗು ಅಂತೀರೇನು? ನನಗ ಕಾಲೇಜಿಗೆ ಹಚ್ಚಿದಾಕಿ ಆಕೀನೇರಿ. ನಮ್ಮಪ್ಪ ಬ್ಯಾಡ ಅಂದಾಗ ಊಟ ಬಿಟ್ಟು ಕುಂತಿದ್ದಳು."

ಕಟ್ಟಿ ಹಾಕುವವರು ಕೆಟ್ಟವರೇ ಆಗಿದ್ದರೆ ಎಷ್ಟು ಸುಲಭವಿತ್ತು, ಅಲ್ಲವೇ?

"ಕತ್ತರಿಸಿ ಬಿಡೋಣು. ನಿಮಿಷದ ಕೆಲಸ."

ಅವಳ ಕೈ ತಟ್ಟನೆ ಗಂಟಿನ ಮೇಲೆ ಹೋಯಿತು. "ಕತ್ತರಿ ಬ್ಯಾಡ್ರಿ ಮೇಡಂ."

"ನೀನೂ ನಂಬ್ತಿ ಏನು?"

"ನಂಬಿಕಿ ಇಲ್ರಿ. ಅಂಜಿಕಿ ಅದ."

ಇದಕ್ಕಿಂತ ಪ್ರಾಮಾಣಿಕ ಉತ್ತರವನ್ನು ನಾನು ಯಾವ ಉತ್ತರಪತ್ರಿಕೆಯಲ್ಲೂ ಓದಿಲ್ಲ.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಈಗ ನನ್ನ ಬ್ಯಾಗಿನಲ್ಲಿ ಕೊಬ್ಬರಿ ಎಣ್ಣೆಯೂ ಬಿಡಿ ಹಲ್ಲಿನ ಬಾಚಣಿಗೆಯೂ ಯಾವಾಗಲೂ ಇರುತ್ತವೆ. ಗಂಟಿಗೆ ಎಣ್ಣೆ ಕುಡಿಸಿದೆ. ತುದಿಯಿಂದ ಶುರು ಮಾಡಿದೆ. ಒಂದೊಂದೇ ಎಳೆ. ಎಳೆಯದೆ, ಬೈಯದೆ. ಎಣ್ಣೆಯಲ್ಲಿ ಕಲಸಿದ ಕುಂಕುಮ ನನ್ನ ಬೆರಳಿಗೆಲ್ಲ ಮೆತ್ತಿಕೊಂಡಿತು. ನಡುವೆ ಅಟೆಂಡರ್ ಬಾಗಿಲು ಹಾಕಲು ಬಂದು, ನೋಡಿ, "ಹೇನು ನೋಡಾಕತ್ತೀರೇನ್ರಿ ಮೇಡಂ?" ಎಂದ. ಹೂಂ ಎಂದೆ. ಹೇನು ಎಂದರೆ ಯಾರೂ ಹತ್ತಿರ ಬರುವುದಿಲ್ಲ.

ಒಳಗಿನ ಕೊನೆಯ ಸುರುಳಿ ಬಿಟ್ಟುಕೊಂಡಾಗ ನಾನು ಹೋಗಬೇಕಾದ ಬಸ್ಸು ಹೋಗಿಯಾಗಿತ್ತು. ಸಾಬಮ್ಮ ಕಿವಿಯ ಹಿಂದೆ ಬೆರಳು ಆಡಿಸಿ, ಮತ್ತೆ ಆಡಿಸಿ, "ಹೋತೇನ್ರಿ?" ಎಂದಳು.

"ಹೋತು. ದಿನಾ ಮಲಗೋ ಮುಂಚೆ ಬಾಚು, ಹೆರಳು ಹಾಕ್ಕೊ. ಮತ್ತ ಬರಲ್ಲ."

"ಮುಂದಿನ ನಾಟಿಗೆ ಮತ್ತ ಬರ್ತದ್ರಿ. ಅಜ್ಜಿ ಇನ್ನ ದಿನಾ ತಲಿ ಮುಟ್ಟಿ ನೋಡ್ತಾಳ. ಸಣ್ಣ ಸಿಕ್ಕು ಸಿಕ್ಕರೂ ದೇವಿ ಅಂತಾಳ. ಅದಕ್ಕ ಕೇಳಿದ್ದು, ಎಲ್ಲಿ ಮಾಡಿಸಿದ್ರಿ?"

ಹೇಳಲಿಲ್ಲ. ಸುಡುತ್ತದೆ, ತುಂಡಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ ಎಂದು ಪಾಠ ಒಪ್ಪಿಸಿದೆ. ಅವಳು ತಲೆ ಆಡಿಸಿದಳು. ವಿದ್ಯಾರ್ಥಿಗಳು ತಲೆ ಆಡಿಸುವುದಕ್ಕೆ ಏನರ್ಥ ಎಂದು ಕಲಿಸುವವರಿಗೆ ಗೊತ್ತು.

ಈ ಸೋಮವಾರ ತರಗತಿಗೆ ಹೋದಾಗ ಮೂರನೇ ಬೆಂಚಿನ ಸುತ್ತ ಹುಡುಗಿಯರ ಗುಂಪು. ನಡುವೆ ಸಾಬಮ್ಮ. ಸ್ಟೋಲ್ ಇಲ್ಲ. ಸೊಂಟದವರೆಗೆ ನೆಟ್ಟಗೆ, ನೀರಿನ ಹಾಗೆ ಇಳಿದ ಕೂದಲು. ಪಾರ್ಲರ್ ಹುಡುಕಲು ಈ ಕಾಲದಲ್ಲಿ ನನ್ನ ಅಪ್ಪಣೆ ಯಾರಿಗೆ ಬೇಕು?

ಪಾಠ ಮುಗಿದ ಮೇಲೆ ತಾನಾಗಿಯೇ ಬಂದಳು.

"ಅಜ್ಜಿ ಏನಂದಳು?" ಎಂದೆ.

"ಕೈ ಹಾಕಿ ಹುಡುಕಿದಳ್ರಿ. ಬುಡದಿಂದ ತುದೀತನಾ. ಏನೂ ಸಿಗಲಿಲ್ಲ. 'ದೇವಿ ತಿರುಗಿ ಹೋದಳಲ್ಲವ್ವ' ಅಂದಳು."

"ಸಿಟ್ಟಾದಳೇನು?"

"ಸ್ವಲ್ಪ ಅತ್ತಳ್ರಿ. ಆಮ್ಯಾಲ ಚಾ ಕುಡದಳು. ಹುಣ್ಣಿವಿ ಸುದ್ದಿ ತೆಗೀಲಿಲ್ಲ."

ಇನ್ನೇನು ಹೇಳಲಿ? ಇಸ್ತ್ರಿ ಮುಟ್ಟಿಸಬೇಡ, ಬಿಸಿನೀರು ಹಾಕಬೇಡ, ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚು ಎಂದೆ. ನನ್ನ ತಲೆಯ ಮೇಲಿನ ಹೊಸ ಗುಂಗುರನ್ನು ಅವಳು ನೋಡುತ್ತಿದ್ದಳು.

"ಚಂದ ಕಾಣತದೇನ್ರಿ ಮೇಡಂ?" ಎಂದಳು.

"ಹೂಂ, ಚಂದ ಕಾಣತದ."

ಸುಳ್ಳು ಹೇಳಲಿಲ್ಲ. ಚಂದವೇ ಇತ್ತು. ಮುಂದೆ ಏನಾಗುತ್ತದೆ ಎಂದೂ ನನಗೆ ಗೊತ್ತು. ಬುಡದಿಂದ ಗುಂಗುರು ಬರುತ್ತದೆ, ಸೇರುವ ಜಾಗದಲ್ಲಿ ತುಂಡಾಗುತ್ತದೆ, ಬಸ್ಸಿನಲ್ಲಿ ಯಾರೋ ಮುಟ್ಟಿ ನೋಡಿ ಕನಿಕರಿಸುತ್ತಾರೆ. ಅವಳಿಗೆ ಪದವಿ ಕೈಗೆ ಬರಲು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು.

ಕೂದಲು ಅಲ್ಲಿಯವರೆಗೆ ತಡೆದರೆ ಸಾಕು.